ರಾಮ್ ಇಲ್ಲದ ರಾಮ್‌ಲಕ್ಷ್ಮಣ್: ನಾಗಪುರದ ಸಂಗೀತಗಾರನ ನಂತರದ ಆಲ್ಬಮ್‌ಗಳು

ಇದು ಈ ವಾರದ ಮಾತಿನ ಬರಹ ರೂಪ. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೀನಿ.

ನಾಗಪುರದ ಮಿಹಾನ್‌ನಲ್ಲಿ ಕೆಲಸ ಮಾಡೋ ನಮ್ಮವರಿಗೆ ಊರಿನ ಬಗ್ಗೆ ಕೇಳಿದರೆ ಏನು ಹೇಳ್ತಾರೆ? ಕಿತ್ತಳೆ ಹಣ್ಣು, ಝೀರೋ ಮೈಲ್ ಕಲ್ಲು, ಮೇ ತಿಂಗಳಿನ 45 ಡಿಗ್ರಿ ಬಿಸಿಲು. ಇನ್ನು ಸ್ವಲ್ಪ ಊರು ಸುತ್ತಿದವರಾದರೆ ದೀಕ್ಷಾಭೂಮಿ, ಫುಟಾಳಾ ಕೆರೆ ಅಂತಾರೆ. ಹೈವೇ 44 ಹಿಡಿದು ದಕ್ಷಿಣಕ್ಕೆ ಹೊರಟರೆ ಹೈದರಾಬಾದ್ ದಾಟಿ ಸೀದಾ ಬೆಂಗಳೂರಿಗೇ ಬರುತ್ತೆ ಅನ್ನೋದು ಒಂದು ಸಮಾಧಾನ. ಆದರೆ ನಮ್ಮ ಕಾಲೇಜು ಬಸ್ಸಿನಲ್ಲಿ, ಚಿಕ್ಕಪ್ಪನ ಮದುವೆ ಕ್ಯಾಸೆಟ್ಟಿನಲ್ಲಿ, ಟೂರ್ ಹೋದಾಗ ಡ್ರೈವರ್ ಹಾಕ್ತಿದ್ದ ಟೇಪಿನಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿರೋ ಹಾಡುಗಳನ್ನ ಮಾಡಿದ ಮನುಷ್ಯ ಇದೇ ನಾಗಪುರದವರು ಅಂತ ಎಷ್ಟು ಜನಕ್ಕೆ ಗೊತ್ತು?

ಅವರ ಹೆಸರು ವಿಜಯ್ ಪಾಟೀಲ್. ಈ ಹೆಸರಲ್ಲಿ ಅವರು ಯಾರಿಗೂ ಗೊತ್ತಿಲ್ಲ. ಪರದೆಯ ಮೇಲೆ ಬರ್ತಿದ್ದ ಹೆಸರು ರಾಮ್‌ಲಕ್ಷ್ಮಣ್. 'ಮೈನೇ ಪ್ಯಾರ್ ಕಿಯಾ', 'ಹಮ್ ಆಪ್‌ಕೆ ಹೈ ಕೌನ್', 'ಹಮ್ ಸಾಥ್ ಸಾಥ್ ಹೈ' ಚಿತ್ರಗಳ ಸಂಗೀತ ನಿರ್ದೇಶಕ. ಇವತ್ತಿನ ಪ್ರಶ್ನೆ ಸರಳವಾಗಿದೆ. ಅವರ ನಂತರದ ಆಲ್ಬಮ್‌ಗಳು ನಿಜಕ್ಕೂ ಚೆನ್ನಾಗಿವೆಯಾ, ಅಥವಾ ನಮ್ಮ ಬಾಲ್ಯದ ನೆನಪಿನಿಂದ ಚೆನ್ನಾಗಿ ಕೇಳಿಸ್ತಾವಾ?

ಹೆಸರು ಉಳಿಯುತ್ತೆ, ಜನ ಹೋಗ್ತಾರೆ

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಎಲೆಕ್ಟ್ರಾನಿಕ್ ಸಂಗೀತದ ಜಗತ್ತಿನಲ್ಲಿ ಒಂದು ಹಳೇ ಜಗಳ ಇದೆ. ಬರ್ಲಿನ್‌ನಲ್ಲಿ 1967ರಲ್ಲಿ ಎಡ್ಗರ್ ಫ್ರೋಸ್ ಅನ್ನೋರು ಟ್ಯಾಂಜರೀನ್ ಡ್ರೀಮ್ ಅಂತ ಒಂದು ತಂಡ ಕಟ್ಟಿದರು. ಸುತ್ತ ಇದ್ದವರು ಬರ್ತಾ ಹೋಗ್ತಾ ಇದ್ದರು, ಕೊನೇತನಕ ಉಳಿದದ್ದು ಅವರೊಬ್ಬರೇ. 2015ರ ಜನವರಿಯಲ್ಲಿ ಅವರೂ ತೀರಿಕೊಂಡರು. ತಂಡ ನಿಲ್ಲಲಿಲ್ಲ. 2017ರಲ್ಲಿ 'ಕ್ವಾಂಟಮ್ ಗೇಟ್', 2022ರಲ್ಲಿ 'ರೌಮ್' ಅಂತ ಆಲ್ಬಮ್ ತಂದರು. ಈ ರೌಮ್ ನಮ್ಮ ರಾಮ ಅಲ್ಲ, ಜರ್ಮನ್ ಭಾಷೆಯಲ್ಲಿ ಜಾಗ, ಅವಕಾಶ ಅಂತ ಅರ್ಥ! ಫ್ರೋಸ್ ಬಿಟ್ಟುಹೋದ ಧ್ವನಿಮುದ್ರಣಗಳನ್ನೂ ಅದರಲ್ಲಿ ಬಳಸಿದ್ದಾರೆ. ಡ್ಯುಸೆಲ್‌ಡಾರ್ಫಿನ ಕ್ರಾಫ್ಟ್‌ವರ್ಕ್ ಕೂಡ ಹಾಗೇ. ಅದನ್ನು ಕಟ್ಟಿದ ಇಬ್ಬರಲ್ಲಿ ಫ್ಲೋರಿಯನ್ ಶ್ನೈಡರ್ 2008ರಲ್ಲಿ ಹೊರಬಂದರು, 2020ರಲ್ಲಿ ತೀರಿಕೊಂಡರು. ರಾಲ್ಫ್ ಹ್ಯೂಟರ್ ಈಗಲೂ ಅದೇ ಹೆಸರಲ್ಲಿ ವೇದಿಕೆ ಹತ್ತುತ್ತಾರೆ.

ಇಂಥ ತಂಡಗಳ ಕೊನೆಯ ಆಲ್ಬಮ್ ಬಂದಾಗೆಲ್ಲ ಅಭಿಮಾನಿಗಳು ಎರಡು ಭಾಗ ಆಗ್ತಾರೆ. ಇದು ಅದೇ ತಂಡಾನಾ, ಬರೀ ಬೋರ್ಡಾ ಅಂತ. ನಮಗೆ ಇದು ಹೊಸದಲ್ಲ ಬಿಡಿ. ಒಂದು ಪ್ರಾಡಕ್ಟ್ ಬರೆದ ಇಬ್ಬರಲ್ಲಿ ಒಬ್ಬ ಕಂಪನಿ ಬಿಟ್ಟು ಹದಿನೈದು ವರ್ಷ ಆದಮೇಲೂ ಕೋಡ್ ಫೈಲಿನ ತಲೆಯಲ್ಲಿ ಅವನ ಹೆಸರು ಇರುತ್ತಲ್ಲ, ಹಾಗೆ.

ನಮ್ಮ ಕನ್ನಡದಲ್ಲೇ ಮೈಸೂರಿನ ರಾಜನ್-ನಾಗೇಂದ್ರ ಸಹೋದರರನ್ನ ನೆನೆಸಿಕೊಳ್ಳಿ. 'ಗಂಧದ ಗುಡಿ', 'ಎರಡು ಕನಸು', 'ಬಯಲು ದಾರಿ', 'ನಾ ನಿನ್ನ ಬಿಡಲಾರೆ'. ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರಲ್ಲಿ. ನಡುವಿನ ಆ ಇಪ್ಪತ್ತು ವರ್ಷ ಜನ ರಾಜನ್ ಅವರನ್ನ ಒಬ್ಬರೇ ಕಂಡಾಗಲೂ ಬಾಯಲ್ಲಿ ಬರ್ತಿದ್ದದ್ದು 'ರಾಜನ್-ನಾಗೇಂದ್ರ' ಅಂತಾನೇ. ಆದರೆ ಅವರಿಬ್ಬರೂ ಕೂಡಿ ಮಾಡಿದ ಕೆಲಸವೇ ಬೆಟ್ಟದಷ್ಟಿತ್ತು. ರಾಮ್‌ಲಕ್ಷ್ಮಣ್ ಕಥೆ ಹಾಗಲ್ಲ.

ದಾದಾ ಇಟ್ಟ ಹೆಸರು

ವಿಜಯ್ ಪಾಟೀಲ್ ಹುಟ್ಟಿದ್ದು 1942ರ ಸೆಪ್ಟೆಂಬರ್ 16ರಂದು, ನಾಗಪುರದಲ್ಲಿ. ಮೊದಲ ಸಂಗೀತ ಪಾಠ ಮನೆಯಲ್ಲೇ, ತಂದೆ ಮತ್ತು ಚಿಕ್ಕಪ್ಪನಿಂದ. ಮುಂಬೈಗೆ ಹೋಗಿ ಆರ್ಕೆಸ್ಟ್ರಾ ನಡೆಸ್ತಿದ್ದರು. ಆರ್ಕೆಸ್ಟ್ರಾ ಅಂದರೆ ನಮ್ಮ ಗಣೇಶನ ಪೆಂಡಾಲ್ ಮುಂದೆ ನಡೀತಿತ್ತಲ್ಲ, ಅದೇ. ಬೇರೆಯವರ ಹಿಟ್ ಹಾಡುಗಳನ್ನ ಜನ ಕೇಳಿದಂತೆ ತಕ್ಷಣ ನುಡಿಸೋ ಕೆಲಸ. ಈ ಅಭ್ಯಾಸ ಮುಂದೆ ಅವರ ಬಲವೂ ಆಯ್ತು, ಆರೋಪವೂ ಆಯ್ತು. ಅದಕ್ಕೆ ಆಮೇಲೆ ಬರ್ತೀನಿ.

ಮರಾಠಿಯ ದೊಡ್ಡ ಹಾಸ್ಯನಟ, ನಿರ್ಮಾಪಕ ದಾದಾ ಕೊಂಡ್ಕೆ ಇವರನ್ನ ಗುರುತಿಸಿ 1975ರ 'ಪಾಂಡು ಹವಾಲ್ದಾರ್' ಚಿತ್ರಕ್ಕೆ ತೆಗೆದುಕೊಂಡರು. ವಿಜಯ್ ಪಾಟೀಲರಿಗೆ ಲಕ್ಷ್ಮಣ್ ಅಂತ ಹೆಸರಿಟ್ಟವರೂ ದಾದಾ ಅವರೇ. ಜೊತೆಗಾರ ಸುರೇಂದ್ರ, ರಾಮ್. ಹೀಗೆ ಜೋಡಿ ಆಯ್ತು. ಶಂಕರ್-ಜೈಕಿಶನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್, ಕಲ್ಯಾಣ್‌ಜಿ-ಆನಂದ್‌ಜಿ ಅಂತ ಎಲ್ಲಾ ಜೋಡಿಗಳೇ ಆಳ್ತಿದ್ದ ಕಾಲ ಅದು.

ಆಮೇಲೆ ರಾಜಶ್ರೀ ಸಂಸ್ಥೆಯ ಹಿಂದಿ ಚಿತ್ರ 'ಏಜೆಂಟ್ ವಿನೋದ್' ಸಿಕ್ಕಿತು. ಒಪ್ಪಂದ ಆದ ಸ್ವಲ್ಪ ದಿನಕ್ಕೇ, 1976ರಲ್ಲಿ, ರಾಮ್ ಅಂದರೆ ಸುರೇಂದ್ರ ತೀರಿಕೊಂಡರು. ಚಿತ್ರ ಬಿಡುಗಡೆ ಆದದ್ದು 1977ರಲ್ಲಿ. ಲಕ್ಷ್ಮಣ್ ಒಬ್ಬರೇ ಕೆಲಸ ಮಾಡಿದರು, ಹೆಸರು ಮಾತ್ರ ಬದಲಿಸಲಿಲ್ಲ. ಮುಂದಿನ ಎರಡು ದಶಕಕ್ಕೂ ಹೆಚ್ಚು ಕಾಲ ಪ್ರತಿ ಚಿತ್ರದಲ್ಲೂ ಗೆಳೆಯನ ಹೆಸರು ಮೊದಲು, ತನ್ನದು ಆಮೇಲೆ.

ಇಲ್ಲಿ ಸ್ವಲ್ಪ ನಿಲ್ಲಿ. ಟ್ಯಾಂಜರೀನ್ ಡ್ರೀಮ್ ವಿಷಯದಲ್ಲಿ 'ಮೊದಲಿನದು' ಮತ್ತು 'ನಂತರದ್ದು' ಅಂತ ಗೆರೆ ಎಳೀಬಹುದು. ರಾಮ್‌ಲಕ್ಷ್ಮಣ್ ವಿಷಯದಲ್ಲಿ ನಾವು ನೀವು ಕೇಳಿರೋದೆಲ್ಲ ನಂತರದ್ದೇ! ಜೋಡಿಯಾಗಿ ಅವರು ಇದ್ದದ್ದು ಮರಾಠಿಯಲ್ಲಿ, ಅದೂ ಬಹಳ ಸ್ವಲ್ಪ ಕಾಲ. ಇಡೀ ಭಾರತ ಕೇಳಿದ ರಾಮ್‌ಲಕ್ಷ್ಮಣ್‌ನಲ್ಲಿ ರಾಮ್ ಇರಲೇ ಇಲ್ಲ. ರಾಮಾಯಣದಲ್ಲಿ ಪಾದುಕೆ ಇಟ್ಟುಕೊಂಡು ರಾಜ್ಯ ನಡೆಸಿದವನು ಭರತ. ಇಲ್ಲಿ ಆ ಕೆಲಸ ಲಕ್ಷ್ಮಣನ ಪಾಲಿಗೆ ಬಂತು.

ಹನ್ನೆರಡು ವರ್ಷದ ಕಾಯುವಿಕೆ

1977ರಿಂದ 1989ರವರೆಗೆ ಅವರು ಸುಮ್ಮನೆ ಕೂತಿರಲಿಲ್ಲ. 'ತರಾನಾ' 1979ರಲ್ಲಿ, 'ಹಮ್ ಸೇ ಬಢ್‌ಕರ್ ಕೌನ್' 1981ರಲ್ಲಿ. ಈ ಎರಡನೆಯದರ 'ದೇವಾ ಹೋ ದೇವಾ' ಹಾಡನ್ನ ಮಹಾರಾಷ್ಟ್ರದಲ್ಲಿ ಗಣೇಶ ಚತುರ್ಥಿ ಬಂದರೆ ತಪ್ಪಿಸಿಕೊಳ್ಳೋಕೆ ಆಗಲ್ಲ, ನಾಗಪುರದಲ್ಲಿ ಇರೋರು ಕೇಳಿರ್ತೀರಿ. ಆದರೂ ಮೊದಲ ಸಾಲಿನ ಸಂಗೀತ ನಿರ್ದೇಶಕ ಅಂತ ಯಾರೂ ಕರೀತಿರಲಿಲ್ಲ. ಮದರಾಸಿನಿಂದ ಬಂದ ಚಿತ್ರಗಳು, ಬಪ್ಪಿ ಲಹಿರಿಯ ಡಿಸ್ಕೊ, ಇವುಗಳ ನಡುವೆ ಇವರ ಮೃದು ಮೆಲೊಡಿಗೆ ಗಿರಾಕಿ ಕಡಿಮೆ.

ಅತ್ತ ರಾಜಶ್ರೀಯವರ ಪರಿಸ್ಥಿತಿಯೂ ಹದಗೆಟ್ಟಿತ್ತು. ಇನ್ನೊಂದು ಸೋಲು ಬಂದರೆ ಬಾಗಿಲು ಹಾಕಬೇಕು ಅನ್ನೋ ಹಂತ. ಆಗ ಮನೆಯ ಹುಡುಗ ಸೂರಜ್ ಬರ್‌ಜಾತ್ಯಾ, ಇಪ್ಪತ್ತೈದು ವರ್ಷ, ತನ್ನ ಮೊದಲ ಚಿತ್ರಕ್ಕೆ ಕೈ ಹಾಕಿದ. ಸಂಗೀತಕ್ಕೆ ಮನೆಯವರೇ ಆಗಿದ್ದ ರಾಮ್‌ಲಕ್ಷ್ಮಣ್.

1989: ಸಾಲದ ಆಲ್ಬಮ್

'ಮೈನೇ ಪ್ಯಾರ್ ಕಿಯಾ' ತೆರೆಗೆ ಬಂದದ್ದು 1989ರ ಡಿಸೆಂಬರ್ 29. ಎರಡು ದಿನ ಹಿಂದೆ ಸಲ್ಮಾನ್ ಖಾನ್‌ಗೆ ಇಪ್ಪತ್ನಾಲ್ಕು ತುಂಬಿತ್ತು. ಅವನಿಗೆ ದನಿ ಕೊಟ್ಟ ನಮ್ಮ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ನಲವತ್ಮೂರು. ನಾಯಕಿಗೆ ಹಾಡಿದ ಲತಾ ಮಂಗೇಶ್ಕರ್ ಅವರಿಗೆ ಅರವತ್ತು! ಹದಿಹರೆಯದ ಪ್ರೇಮಕ್ಕೆ ಇಂಥ ಗಂಟಲುಗಳನ್ನ ಕೂರಿಸೋ ಧೈರ್ಯ ಸಣ್ಣದಲ್ಲ. ಎಸ್‌ಪಿಬಿಗೆ ಫಿಲ್ಮ್‌ಫೇರ್ ಬಂತು, 'ದಿಲ್ ದೀವಾನಾ' ಹಾಡಿಗೆ. ಸಂಗೀತಕ್ಕೂ ಬಂತು. 'ಚಾಂದನಿ', 'ತ್ರಿದೇವ್', 'ರಾಮ್ ಲಖನ್' ಎಲ್ಲಾ ಬಂದ ವರ್ಷ ಅದು ಅನ್ನೋದು ನೆನಪಿರಲಿ.

ಈಗ ಕಹಿ ಮಾತು. 'ಆತೇ ಜಾತೇ' ಹಾಡಿನ ಟ್ಯೂನು ಸ್ಟೀವಿ ವಂಡರ್ ಅವರ 1984ರ 'ಐ ಜಸ್ಟ್ ಕಾಲ್ಡ್ ಟು ಸೇ ಐ ಲವ್ ಯು'. 'ಮೇರೇ ರಂಗ್ ಮೇ' ಹಾಡಿನ ಶುರುವಿನಲ್ಲಿ ಬರೋ ಕೀಬೋರ್ಡ್, ಸ್ವೀಡನ್ನಿನ ಯುರೋಪ್ ತಂಡದ 1986ರ 'ದಿ ಫೈನಲ್ ಕೌಂಟ್‌ಡೌನ್'. ಪಕ್ಕಪಕ್ಕ ಇಟ್ಟು ಕೇಳಿದರೆ ಚರ್ಚೆಯೇ ಬೇಡ. ಗಮನಿಸಿ, ಎರಡೂ ಸಿಂಥಸೈಜರ್ ಮೇಲೆ ನಿಂತ ಹಾಡುಗಳು. ಆ ಹೊಸ ಶಬ್ದ ಬೇಕಿತ್ತು, ಅದರ ಜೊತೆ ಟ್ಯೂನೂ ಬಂದುಬಿಡ್ತು. ಆರ್ಕೆಸ್ಟ್ರಾದ ಅಭ್ಯಾಸ ಅಂದೆನಲ್ಲ, ಇದೇ. ಆ ಕಾಲದಲ್ಲಿ ಎಲ್ಲರೂ ಮಾಡ್ತಿದ್ದರು ಅನ್ನೋದು ಉತ್ತರ ಅಲ್ಲ. ಸಾಲ ಸಾಲಾನೇ.

ನಮಗೆ ಈ ಆಲ್ಬಮ್ ಅಷ್ಟು ಹತ್ತಿರ ಅನ್ನಿಸೋಕೆ ಇನ್ನೊಂದು ಕಾರಣವೂ ಇತ್ತು. ಎರಡು ವರ್ಷ ಮೊದಲೇ, 1987ರಲ್ಲಿ, ನಮ್ಮಲ್ಲಿ 'ಪ್ರೇಮಲೋಕ' ಬಂದಿತ್ತು. ಹಂಸಲೇಖ, ರವಿಚಂದ್ರನ್, ಮಾತಿಗಿಂತ ಹಾಡೇ ಮುಂದೆ, ಕ್ಯಾಸೆಟ್ ಮನೆ ಮನೆಗೆ. ಕೀಬೋರ್ಡ್ ಮತ್ತು ಕಾಲೇಜು ಪ್ರೇಮ ಕೂಡಿದರೆ ಏನಾಗುತ್ತೆ ಅಂತ ಕನ್ನಡದವರಿಗೆ ಆಗಲೇ ಗೊತ್ತಿತ್ತು. ಹಿಂದಿಯವರು ಆಮೇಲೆ ಕಂಡರು.

ನನ್ನ ಲೆಕ್ಕದಲ್ಲಿ 'ಮೈನೇ ಪ್ಯಾರ್ ಕಿಯಾ' ಅವರ ಅತ್ಯಂತ ಜನಪ್ರಿಯ ಆಲ್ಬಮ್‌ಗಳಲ್ಲಿ ಒಂದು, ಅತ್ಯುತ್ತಮ ಆಲ್ಬಮ್ ಅಲ್ಲ. ಅದರಲ್ಲಿ ಮನಸ್ಸಿಗೆ ಹಿಡಿಸೋದು ಟ್ಯೂನಿಗಿಂತ ಹೆಚ್ಚಾಗಿ ಎಸ್‌ಪಿಬಿ ಹಾಡೋ ರೀತಿ. ಹಾಡಿನ ಮಧ್ಯೆ ನಗೋದು, ಉಸಿರು ಹಿಡಿದು ಬಿಡೋದು, ಇದೆಲ್ಲ ಕನ್ನಡದಲ್ಲಿ ಎಷ್ಟೋ ವರ್ಷದಿಂದ ನಾವು ಕೇಳಿದ್ದೇ.

1991: ಯಾರೂ ಮಾತಾಡದ ಎರಡು ಆಲ್ಬಮ್

ಗೆದ್ದ ಮೇಲೆ ಸಾಲ ಮಾಡೋದು ಇನ್ನೂ ಸುಲಭ. ಆದರೆ 1991ರ 'ಹಂಡ್ರೆಡ್ ಡೇಸ್' ಮತ್ತು 'ಪತ್ಥರ್ ಕೇ ಫೂಲ್' ಕೇಳಿ. ಮತ್ತೆ ಲತಾ, ಮತ್ತೆ ಎಸ್‌ಪಿಬಿ. 'ಹಂಡ್ರೆಡ್ ಡೇಸ್' ಒಂದು ಕೊಲೆಯ ಕಥೆ, ತಮಿಳಿನ ರೀಮೇಕ್, ಆದರೆ ಹಾಡುಗಳಲ್ಲಿ ಭಯದ ಸುಳಿವೇ ಇಲ್ಲ. ಅದು ಚಿತ್ರಕ್ಕೆ ದೋಷ ಇರಬಹುದು, ಆಲ್ಬಮ್‌ಗೆ ಅಲ್ಲ. 'ಸುನ್ ಬೇಲಿಯಾ' ಹಾಡಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡೋದನ್ನ ಹೆಡ್‌ಫೋನ್ ಹಾಕಿ ಕೇಳಿ. 'ಪತ್ಥರ್ ಕೇ ಫೂಲ್' ಚಿತ್ರದಲ್ಲಿ ಹಳೇ ಹಿಂದಿ ಚಿತ್ರಗಳ ಹೆಸರನ್ನೇ ಪೋಣಿಸಿ ಮಾಡಿದ ಒಂದು ಹಾಡಿದೆ. ತಮಾಷೆ ಹಾಡು, ಆದರೆ ಟ್ಯೂನ್ ಎಲ್ಲೂ ಸಡಿಲ ಆಗಲ್ಲ.

ಈ ಎರಡರಲ್ಲೂ ಕೀಬೋರ್ಡು ಹಿಂದಕ್ಕೆ ಸರಿದು ತಬಲ, ಢೋಲಕ್ ಮುಂದೆ ಬರೋದು ಕೇಳಿಸುತ್ತೆ. ನಾಗಪುರದ ಮನೆಯಲ್ಲಿ ಕಲಿತದ್ದು ನಿಧಾನವಾಗಿ ವಾಪಸ್ ಬರ್ತಿದೆ ಅಂತ ನನಗನ್ನಿಸುತ್ತೆ.

1994: ಮನೆಗೆ ಬಂದ ಆಲ್ಬಮ್

'ಹಮ್ ಆಪ್‌ಕೆ ಹೈ ಕೌನ್' 1994ರ ಆಗಸ್ಟ್ 5ಕ್ಕೆ ಬಂತು. ಮೂರು ಗಂಟೆಗೂ ಮೀರಿದ ಚಿತ್ರ, ಹದಿನಾಲ್ಕು ಹಾಡು. 1982ರ 'ನದಿಯಾ ಕೇ ಪಾರ್' ಚಿತ್ರದ ಕಥೆಯೇ ಹಳ್ಳಿಯಿಂದ ಬಂಗಲೆಗೆ ಬಂತು. ಮೊದಲ ಪ್ರತಿಕ್ರಿಯೆ ಏನಿತ್ತು ಅಂದರೆ, ಇದು ಚಿತ್ರ ಅಲ್ಲ, ಮದುವೆ ವಿಡಿಯೊ ಕ್ಯಾಸೆಟ್ ಅಂತ. ಬೈಗುಳವಾಗಿ ಹೇಳಿದ್ದೇ ಅದರ ನಿಜವಾದ ಗುಣ.

ಯಾಕೆ ಅಂದರೆ ಇಲ್ಲಿ ಹಾಡುಗಳು ಕಥೆಯನ್ನ ನಿಲ್ಲಿಸಲ್ಲ, ಹಾಡುಗಳೇ ಮನೆಯ ಕೆಲಸಗಳು. ನಿಶ್ಚಿತಾರ್ಥಕ್ಕೆ ಒಂದು, ಬೀಗರು ಬೀಗಿತ್ತಿಯರು ಕಾಲೆಳೆಯೋಕೆ ಒಂದು, ವರನ ಚಪ್ಪಲಿ ಬಚ್ಚಿಡೋಕೆ ಒಂದು, ಮಗಳನ್ನ ಕಳಿಸಿಕೊಡೋಕೆ ಒಂದು, ಬಸಿರಿಗೆ ಆರತಿ ಎತ್ತುವಾಗ ಒಂದು. ನಮ್ಮ ಸೋಬಾನೆ ಪದಗಳು ಹೀಗೇ ಅಲ್ವಾ? ಎಣ್ಣೆ ಹಚ್ಚೋಕೆ ಬೇರೆ, ಧಾರೆಗೆ ಬೇರೆ, ಹೆಣ್ಣು ಒಪ್ಪಿಸೋಕೆ ಬೇರೆ. ಬೀಗರನ್ನ ಹಾಡಿನಲ್ಲೇ ಹಂಗಿಸೋದು ನಮ್ಮ ಹಳ್ಳಿ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಿದರ್ಭದಲ್ಲೂ ಅದೇ ಪದ್ಧತಿ ಇದ್ದ ನೆಲದಿಂದ ಬಂದವರು ವಿಜಯ್ ಪಾಟೀಲ್.

ಒಂದೇ ಟ್ಯೂನನ್ನ ಸಂತೋಷಕ್ಕೊಮ್ಮೆ, ದುಃಖಕ್ಕೊಮ್ಮೆ ತಿರುಗಿಸಿ ಬಳಸೋ ಜಾಣ್ಮೆಯೂ ಇಲ್ಲಿ ಇದೆ. 'ಧಿಕ್‌ತಾನಾ' ಎರಡು ಸಲ ಬರುತ್ತೆ. 'ದೀದಿ ತೇರಾ ದೇವರ್ ದೀವಾನಾ' ಹಾಡಿಗೆ ಲತಾ ಅವರಿಗೆ ಫಿಲ್ಮ್‌ಫೇರ್ ವಿಶೇಷ ಪ್ರಶಸ್ತಿ ಕೊಟ್ಟರು. ಅವರು ಬಹಳ ಹಿಂದೆಯೇ ತನಗೆ ಇನ್ನು ಪ್ರಶಸ್ತಿ ಬೇಡ ಅಂದಿದ್ದರೂ! ಸಂಗೀತ ಪ್ರಶಸ್ತಿ ಮಾತ್ರ ಆ ವರ್ಷ ತೀರಿಹೋಗಿದ್ದ ಆರ್.ಡಿ. ಬರ್ಮನ್ ಅವರಿಗೆ, '1942: ಎ ಲವ್ ಸ್ಟೋರಿ' ಚಿತ್ರಕ್ಕೆ ಹೋಯ್ತು. ಅದರ ಬಗ್ಗೆ ಯಾರಿಗೂ ತಕರಾರಿಲ್ಲ.

ಕಾಲವನ್ನೂ ನೋಡಿ. 1992ರಲ್ಲಿ 'ರೋಜಾ' ಬಂದಾಗಿತ್ತು. ರೆಹಮಾನ್ ಸಿಂಥಸೈಜರನ್ನ ಬೇರೆಯೇ ಮಟ್ಟಕ್ಕೆ ಒಯ್ದಾಗಿತ್ತು. 1995ರಲ್ಲಿ 'ರಂಗೀಲಾ'. ಈ ಎರಡರ ನಡುವೆ, ಐವತ್ತೊಂದು ವರ್ಷದ ಒಬ್ಬ ಮನುಷ್ಯ ಢೋಲಕ್ ಇಟ್ಟುಕೊಂಡು ದೇಶವನ್ನೇ ಕುಣಿಸಿದ. ಹೊಸ ಯಂತ್ರದ ಹಿಂದೆ ಓಡದೆ ತನಗೆ ಗೊತ್ತಿರೋದನ್ನ ಪೂರ್ತಿ ಬಳಸಿದಾಗ ಬಂದ ಆಲ್ಬಮ್ ಇದು. ನನ್ನ ತೀರ್ಮಾನ: ರಾಮ್‌ಲಕ್ಷ್ಮಣ್ ಹೆಸರಲ್ಲಿ ಬಂದದ್ದರಲ್ಲಿ ಇದೇ ಶ್ರೇಷ್ಠ.

ಒಂದು ಅಡ್ಡಪರಿಣಾಮವನ್ನೂ ಹೇಳಲೇಬೇಕು. ಇವತ್ತು ನಮ್ಮ ಹಾಸನ, ದಾವಣಗೆರೆ ಛತ್ರಗಳಲ್ಲೂ ಹಿಂದಿನ ದಿನ 'ಸಂಗೀತ್' ಅಂತ ಮಾಡ್ತೀವಿ, ಚಪ್ಪಲಿ ಬಚ್ಚಿಟ್ಟು ದುಡ್ಡು ಕೇಳ್ತೀವಿ. ಇದಕ್ಕೆ ಈ ಚಿತ್ರ ಒಂದೇ ಕಾರಣ ಅಲ್ಲ, ಆದರೆ ದೊಡ್ಡ ದಾರಿ ಮಾಡಿಕೊಟ್ಟದ್ದು ಇದೇ. ಆ ಹಾಡುಗಳು ಬಂದ ಜಾಗದಿಂದ ನಮ್ಮ ಸೋಬಾನೆ ಎದ್ದು ಹೋಯ್ತು. ಅವರು ತಮ್ಮ ಮನೆಯ ಹಾಡಿಗೆ ವಾಪಸ್ ಹೋಗಿ ಗೆದ್ದರು, ನಾವು ಅದನ್ನ ಕೇಳಿ ನಮ್ಮ ಮನೆಯ ಹಾಡು ಮರೆತೆವು. ತಪ್ಪು ಅವರದಲ್ಲ.

1999: ಸೂತ್ರದ ಆಲ್ಬಮ್

'ಹಮ್ ಸಾಥ್ ಸಾಥ್ ಹೈ' 1999ರ ನವೆಂಬರ್‌ನಲ್ಲಿ ಬಂತು. ಚಿತ್ರ ಭರ್ಜರಿ ದುಡ್ಡು ಮಾಡಿತು. ಆಲ್ಬಮ್? ಅಭಿಮಾನ ಪಕ್ಕಕ್ಕಿಟ್ಟು ಹೇಳ್ತೀನಿ, ದಣಿದಿದೆ. ಲತಾ-ಎಸ್‌ಪಿಬಿ ಜೋಡಿಯ ಆ ಹೊಂದಾಣಿಕೆ ಇಲ್ಲಿಲ್ಲ. ಮೂರು ಜೋಡಿ, ಅವರಪ್ಪ ಅಮ್ಮ, ಎಲ್ಲರಿಗೂ ಒಂದೊಂದು ಸಾಲು ಹಂಚಬೇಕು. ಹಾಗಾಗಿ ಹಾಡುಗಳು ಗ್ರೂಪ್ ಫೋಟೊ ಥರ ಆಗಿವೆ, ಎಲ್ಲರೂ ಇದ್ದಾರೆ, ಯಾರ ಮುಖವೂ ನೆನಪಿರಲ್ಲ. ರಾಜಸ್ಥಾನಿ ಧಾಟಿಯ 'ಮ್ಹಾರೇ ಹಿವಡಾ ಮೇ' ಒಂದನ್ನ ಬಿಟ್ಟರೆ ಜೀವ ಕಡಿಮೆ. ಅದೇ ವರ್ಷ ರೆಹಮಾನ್ 'ತಾಲ್' ಬಂತು, ಇಸ್ಮಾಯಿಲ್ ದರ್ಬಾರ್ 'ಹಮ್ ದಿಲ್ ದೇ ಚುಕೇ ಸನಮ್' ಬಂತು. ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕೇಳಿಸುತ್ತೆ.

1994ರಲ್ಲಿ ಹಳೇ ಪದ್ಧತಿ ಅವರ ಕೈಯಲ್ಲಿ ಹೊಸದಾಗಿತ್ತು. 1999ರಲ್ಲಿ ಅವರು ನಕಲು ಮಾಡಿದ್ದು ತಮ್ಮನ್ನೇ. ಸ್ಟೀವಿ ವಂಡರ್‌ನ ನಕಲು ಮಾಡಿದ್ದಕ್ಕಿಂತ ಇದು ನನಗೆ ಹೆಚ್ಚು ಬೇಜಾರು ತರುತ್ತೆ.

ರಾಜಶ್ರೀಯವರೂ ಮುಂದೆ ಹೋದರು. 2003ರ ಚಿತ್ರಕ್ಕೆ ಅನು ಮಲಿಕ್, 2006ರ 'ವಿವಾಹ್'ಗೆ ರವೀಂದ್ರ ಜೈನ್. ಎಸ್‌ಪಿಬಿಗೂ ಹಿಂದಿಯ ಬಾಗಿಲು ಬಹುತೇಕ ಮುಚ್ಚಿತು, 2013ರ 'ಚೆನ್ನೈ ಎಕ್ಸ್‌ಪ್ರೆಸ್' ಬರೋತನಕ. ಅವರಿಗೇನು, ನಮ್ಮಲ್ಲಿ ಮನೆ ಇತ್ತು. 1995ರಲ್ಲಿ ಹಂಸಲೇಖ ಸಂಗೀತದ 'ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ತಗೊಂಡರು, ಆಮೇಲೆ 'ಎದೆ ತುಂಬಿ ಹಾಡುವೆನು' ಮೂಲಕ ಪ್ರತಿ ಮನೆಯವರಾದರು. ವಿಜಯ್ ಪಾಟೀಲರಿಗೆ ಅಂಥ ಎರಡನೇ ವೇದಿಕೆ ಸಿಗಲಿಲ್ಲ.

ಕೊನೆಗೆ ಒಂದು ಲೆಕ್ಕ

ಎಸ್‌ಪಿಬಿ ಹೋದದ್ದು 2020ರ ಸೆಪ್ಟೆಂಬರ್ 25. ಎಂಟು ತಿಂಗಳಾದ ಮೇಲೆ, 2021ರ ಮೇ 22ರಂದು, ವಿಜಯ್ ಪಾಟೀಲ್ ತೀರಿಕೊಂಡರು, ಹುಟ್ಟಿದ ನಾಗಪುರದಲ್ಲೇ. ಕೊರೊನಾದ ಎರಡನೇ ಅಲೆ, ದಿನಾ ಸಾವಿನ ಸುದ್ದಿಯೇ. ಲತಾ ಅವರು ಟ್ವಿಟರ್‌ನಲ್ಲಿ ನೆನಪು ಮಾಡಿಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ಅವರೂ ಹೋದರು. ಒಂದೂವರೆ ವರ್ಷದೊಳಗೆ ಆ ಹಾಡುಗಳ ಮೂವರೂ ಇಲ್ಲ.

ನಂತರದ ಆಲ್ಬಮ್‌ಗಳನ್ನ ಅಳೆಯುವಾಗ ನಾವು ಸಾಮಾನ್ಯವಾಗಿ ಹೊಸದಾಗಿದೆಯಾ ಅಂತ ಮಾತ್ರ ಕೇಳ್ತೀವಿ. ಈ ನಾಗಪುರದ ಕಥೆ ನೋಡಿದ ಮೇಲೆ ನನಗೆ ಬೇರೆ ಪ್ರಶ್ನೆ ಸರಿ ಅನ್ನಿಸುತ್ತೆ: ಈ ಕೆಲಸ ಮಾಡಿದವನು ತನ್ನದು ಅಂತ ಏನನ್ನ ತಂದ? 1989ರಲ್ಲಿ ಅರ್ಧ ಸಾಲ, ಅರ್ಧ ತನ್ನದು. 1991ರಲ್ಲಿ ತಿರುವು. 1994ರಲ್ಲಿ ಬಹುಪಾಲು ತನ್ನದು. 1999ರಲ್ಲಿ ಉಳಿತಾಯದ ಹಣ ಖರ್ಚು. ಗ್ರಾಫ್ ಹಾಕಿದರೆ ಸೀದಾ ಇಳಿಜಾರಲ್ಲ, ನಡುವೆ ದೊಡ್ಡ ಏರಿದೆ. ಹಿಟ್ ಆದದ್ದು ಮೊದಲು, ಚೆನ್ನಾಗಿ ಆದದ್ದು ಆಮೇಲೆ.

ಮತ್ತೆ ಹೆಸರಿನ ವಿಷಯ. ಗೆದ್ದ ಮೇಲೆ, ಪ್ರಶಸ್ತಿ ಬಂದ ಮೇಲೆ, ಅವರು 'ವಿಜಯ್ ಪಾಟೀಲ್' ಅಂತ ಹಾಕಿಕೊಳ್ಳಬಹುದಿತ್ತು, ಯಾರೂ ಬೇಡ ಅಂತಿರಲಿಲ್ಲ. ಹಾಕಿಕೊಳ್ಳಲಿಲ್ಲ. 'ಹಮ್ ಆಪ್‌ಕೆ ಹೈ ಕೌನ್' ನೋಡದೇ ಹೋದ ಗೆಳೆಯನ ಹೆಸರು ಅದರ ಟೈಟಲ್ ಕಾರ್ಡಿನಲ್ಲಿ ಮೊದಲು ಬರುತ್ತೆ.

ನಾಗಪುರದಲ್ಲಿ ಇರೋರು ಈ ಮದುವೆ ಸೀಸನ್‌ನಲ್ಲಿ ಧರಂಪೇಠದ ಕಡೆ ಯಾವುದಾದರೂ ಬ್ಯಾಂಡಿನವರು ಆ ಹಾಡು ನುಡಿಸ್ತಾ ಹೋದರೆ ಒಂದು ನಿಮಿಷ ನಿಲ್ಲಿ, ಊರಿನವರದೇ ಟ್ಯೂನ್ ಅದು. ಮನೆಗೆ ಬಂದಮೇಲೆ 1989, 1991, 1994, 1999, ಇದೇ ಕ್ರಮದಲ್ಲಿ ಒಂದೊಂದು ಹಾಡು ಕೇಳಿ. ಆಮೇಲೆ ಅಮ್ಮನಿಗೋ ಅಜ್ಜಿಗೋ ಫೋನ್ ಮಾಡಿ, ಗೊತ್ತಿರೋ ಒಂದು ಸೋಬಾನೆ ಪದ ಹಾಡಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.